204ನೇ ವಾರ್ಡು

ಮನೆ ನೋಡುತ್ತಿದ್ದೇವೆ ಎಂದು ಗೊಟ್ಟಿಗೆರೆಗೆ ಫೋನ್ ಮಾಡಿದ ದಿನ ಅಪ್ಪ ಕೇಳಿದ ಮೊದಲ ಪ್ರಶ್ನೆ, ‘ನೀರು ಹೇಗಿದೆ?’ ಎರಡನೆಯದು, ‘ಎ ಖಾತೆನೋ, ಬಿ ಖಾತೆನೋ?’ ಬನ್ನೇರುಘಟ್ಟ ರಸ್ತೆಯ ಪಕ್ಕದಲ್ಲೇ ಆಯುಸ್ಸು ಕಳೆದವರು ಇನ್ನೇನು ಕೇಳಬೇಕು ಹೇಳಿ. ನಲ್ಲಿಯಲ್ಲಿ ದಿನವಿಡೀ ನೀರು ಬರುತ್ತದೆ ಎಂದೆ. ‘ಬ್ರೋಕರ್ ಹೇಳಿದ್ನಾ?’ ಎಂದರು.

ನಿಜ ಹೇಳಬೇಕೆಂದರೆ ನಾವು ಮನೆ ನೋಡುವುದನ್ನು ಬಿಟ್ಟು ಮೂರು ತಿಂಗಳಾಗಿತ್ತು. ನೋಡುತ್ತಿದ್ದುದೆಲ್ಲ ಶಾಲೆಗಳನ್ನೇ. ಮಗಳಿಗೆ ಆ ಆಗಸ್ಟಿಗೆ ಐದು ತುಂಬುತ್ತಿತ್ತು. ಸೆಪ್ಟೆಂಬರ್ 1ರೊಳಗೆ ಐದಾದರೆ ಇಲಿನಾಯ್‌ನಲ್ಲಿ ಕಿಂಡರ್‌ಗಾರ್ಟನ್‌ಗೆ ಸೇರಿಸಿಕೊಳ್ಳುತ್ತಾರೆ. ಶಿಕಾಗೋದ ಅಪಾರ್ಟ್‌ಮೆಂಟು ಬಿಟ್ಟು ಪಶ್ಚಿಮಕ್ಕಿರುವ ನೇಪರ್‌ವಿಲ್ ಕಡೆ ಹೋಗುವುದೆಂದು ನನ್ನಾಕೆ ತೀರ್ಮಾನಿಸಿ, ನನ್ನ ಅಭಿಪ್ರಾಯವನ್ನೂ ಕೇಳಿದಳು. ಆಮೇಲೆ ಎಕ್ಸೆಲ್ ಶೀಟು ತೆರೆದಳು. ಅಮೆರಿಕದಲ್ಲಿ ಗ್ರೇಟ್‌ಸ್ಕೂಲ್ಸ್ ಎಂಬವರು ಪ್ರತಿ ಶಾಲೆಗೂ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತಾರೆ. ನಮ್ಮ ಮದುವೆಯಲ್ಲಿ ಜಾತಕ ಕೂಡಿಸಿದಾಗ ಮೂವತ್ತಾರಕ್ಕೆ ಹದಿನೆಂಟೂವರೆ ಗುಣ ಬಂದಿತ್ತು, ನಾನು ಅಂಚಿನಲ್ಲಿ ಪಾಸಾಗಿದ್ದೆ. ಅದೇ ಹೆಂಗಸು ಈಗ ಹತ್ತಕ್ಕೆ ಒಂಬತ್ತು ಬಾರದ ಶಾಲೆಯ ಬೀದಿಗೆ ಕಾರು ತಿರುಗಿಸಲೂ ಬಿಡಲಿಲ್ಲ.

‘ಯಾವ ಏರಿಯಾ ಅಂತ ಹೇಳು ಮೊದ್ಲು’ ಎಂದರು ಅಪ್ಪ.

‘ನೇಪರ್‌ವಿಲ್‌ನಲ್ಲಿ ಎರಡು ಸ್ಕೂಲ್ ಡಿಸ್ಟ್ರಿಕ್ಟ್ ಇವೆ ಅಪ್ಪ, 203 ಮತ್ತೆ 204. ನಾವು 204 ಅಂದ್ಕೊಂಡಿದೀವಿ.’

‘ಓ, ವಾರ್ಡು!’ ಅಪ್ಪನ ದನಿಗೆ ಜೀವ ಬಂತು. ‘ನಮ್ಮ ಗೊಟ್ಟಿಗೆರೆ 194 ಇತ್ತು. ಬೆಂಗಳೂರೆಲ್ಲ ಸುತ್ತಿ ಬಂದ್ರೂ 198ಕ್ಕೆ ಮುಗೀತಿತ್ತು. ನಿಮ್ದು ಅದಕ್ಕಿಂತ ಆಚೆ ಅಂದ್ರೆ ಊರ ಹೊರಗೇ ಆಯ್ತಲ್ಲೋ. ಲೇಔಟ್ ಅಪ್ರೂವ್ ಆಗಿದೆ ತಾನೆ?’

ವಾರ್ಡಲ್ಲ, ಶಾಲೆಗಳ ಆಡಳಿತದ ಗಡಿ, ಅದರೊಳಗೆ ಒಂದೊಂದು ಶಾಲೆಗೂ ಇನ್ನೊಂದು ಸಣ್ಣ ಗಡಿ, ಬೀದಿಯ ಬಲಗಡೆಯ ಮಗು ಒಂದು ಶಾಲೆಗೆ, ಎಡಗಡೆಯದು ಇನ್ನೊಂದಕ್ಕೆ ಎಂದು ವಿವರಿಸಿದೆ. ಎರಡು ಕಡೆ ಮನೆಯ ಬೆಲೆಯೂ ಬೇರೆ ಆಗಬಹುದು ಎಂದೆ. ಅಪ್ಪ ಸ್ವಲ್ಪ ಹೊತ್ತು ಯೋಚಿಸಿ, ‘ಆ ಗೆರೆ ಎಳೆಯೋನು ಯಾರು? ಅವನ ಪರಿಚಯ ಮಾಡ್ಕೊ’ ಎಂದರು. ಗೆರೆ ಬದಲಾಗುವುದೂ ಉಂಟು. 2009ರಲ್ಲಿ 204ರವರು ಮೆಟಿಯಾ ವ್ಯಾಲಿ ಎಂಬ ಮೂರನೆಯ ಹೈಸ್ಕೂಲು ತೆರೆದಾಗ ಗಡಿಯನ್ನು ಹೊಸದಾಗಿ ಎಳೆದಿದ್ದರು, ಊರೆಲ್ಲ ಜಗಳವಾಗಿತ್ತು. ಇದನ್ನು ಹೇಳಿದ್ದಕ್ಕೆ ಅಪ್ಪನಿಗೆ ಆಶ್ಚರ್ಯವೇ ಆಗಲಿಲ್ಲ. ‘ನಮ್ಮ ಮೆಟ್ರೋ ಸ್ಟೇಷನ್ನಿಗೆ ಮೊದ್ಲು ಗೊಟ್ಟಿಗೆರೆ ಅಂತಿದ್ರು, ಈಗ ಕಾಳೇನ ಅಗ್ರಹಾರ. ನಾವು ಇದ್ದಲ್ಲೇ ಇದೀವಿ, ಹೆಸರು ಎದ್ದು ಹೋಯ್ತು’ ಎಂದರು.

ತೆರಿಗೆಯ ವಿಷಯ ನಾನಾಗಿ ಎತ್ತಬಾರದಿತ್ತು. ಮನೆಯ ಬೆಲೆಯ ನೂರಕ್ಕೆ ಎರಡರ ಆಸುಪಾಸು ವರ್ಷವರ್ಷವೂ ಕಟ್ಟಬೇಕು, ಅರ್ಧಕ್ಕಿಂತ ಹೆಚ್ಚು ಶಾಲೆಗೇ ಹೋಗುತ್ತದೆ ಎಂದೆ. ‘ಏಪ್ರಿಲ್‌ನಲ್ಲಿ ಕಟ್ಟಿದ್ರೆ ಐದು ಪರ್ಸೆಂಟ್ ಬಿಡ್ತಾರಾ?’ ಎಂದರು. ಇಲ್ಲ ಎಂದೆ. ‘ಅದರ ಮೇಲೆ ಸ್ಕೂಲ್ ಫೀಸ್ ಬೇರೆ!’

‘ಫೀಸ್ ಇಲ್ಲ ಅಪ್ಪ.’

‘ಫೀಸ್ ಇಲ್ಲ ಅಂದ್ರೆ?’

‘ಫ್ರೀ. ಸರ್ಕಾರದ್ದೇ.’

ಆ ಕಡೆ ಮೌನ. ಲೈನು ಕಡಿದಿದೆ ಎಂದುಕೊಂಡು ಎರಡು ಸಲ ಹಲೋ ಎಂದೆ. ಆಮೇಲೆ ಅಪ್ಪ ಫೋನಿನಿಂದ ಮುಖ ತಿರುಗಿಸಿ ಅಡುಗೆಮನೆಯತ್ತ ಹೇಳಿದ್ದು ಸ್ಪಷ್ಟವಾಗಿ ಕೇಳಿಸಿತು: ‘ಲೇ, ಮೊಮ್ಮಗಳನ್ನ ಸರ್ಕಾರಿ ಶಾಲೆಗೆ ಹಾಕ್ತಾನಂತೆ.’

ಅಮ್ಮ ಒಗ್ಗರಣೆ ಬಿಟ್ಟು ಬಂದಳು. ‘ಕೆಲಸ ಹೋಯ್ತೇನೋ ಮಗನೇ?’

ಇವರ ಸಂಕಟ ನನಗೆ ಅರ್ಥವಾಗದ್ದಲ್ಲ. ನಾನು ಶಾಲೆಗೆ ಹೋಗುತ್ತಿದ್ದಾಗ ಗೊಟ್ಟಿಗೆರೆ ಇನ್ನೂ ಹಳ್ಳಿಯಾಗಿತ್ತು. ಕೆರೆಯ ಕಡೆಯಿಂದ ಎಮ್ಮೆಗಳು ಬರುತ್ತಿದ್ದ ಹೊತ್ತಿಗೆ ನಾನು 365ನೇ ನಂಬರಿನ ಬಸ್ಸಿನ ಬಾಗಿಲಿಗೆ ಜೋತುಬಿದ್ದು ಜಯನಗರಕ್ಕೆ ಹೋಗುತ್ತಿದ್ದೆ. ನಡೆದರೆ ಐದೇ ನಿಮಿಷ ದೂರದ ಸರ್ಕಾರಿ ಶಾಲೆಯನ್ನು ಬಿಟ್ಟು ಹತ್ತು ಕಿಲೋಮೀಟರು. ಅಂಕ ಕೊಡುವವರು ಆಗ ಯಾರೂ ಇರಲಿಲ್ಲ, ಜಯನಗರ ಎಂಬ ಹೆಸರಿಗೇ ಹತ್ತಕ್ಕೆ ಹತ್ತು. ಆಮೇಲೆ ಬಂದ 2009ರ ಶಿಕ್ಷಣ ಹಕ್ಕು ಕಾಯ್ದೆಯ ನಿಯಮಗಳು ಐದನೇ ತರಗತಿವರೆಗಿನ ಮಗುವಿಗೆ ಒಂದು ಕಿಲೋಮೀಟರಿನೊಳಗೇ ಶಾಲೆ ಇರಬೇಕು ಎಂದವು. ಕಾಯ್ದೆಯ ಮಾತು ಕಾಯ್ದೆಗೆ. ಬೆಳಿಗ್ಗೆ ಏಳಕ್ಕೆ ಬನ್ನೇರುಘಟ್ಟ ರಸ್ತೆಯಲ್ಲಿ ನಿಂತರೆ ಆ ಒಂದು ಕಿಲೋಮೀಟರನ್ನು ಹಿಂದೆ ಹಾಕಿ ಓಡುವ ಹಳದಿ ವ್ಯಾನುಗಳು ಇವತ್ತಿಗೂ ಸಿಗುತ್ತವೆ, ಒಳಗೆ ಟೈ ಕಟ್ಟಿಕೊಂಡು ನಿದ್ದೆ ಮಾಡುತ್ತಿರುವ ಮಕ್ಕಳು. ಸರ್ಕಾರಿ ಶಾಲೆ ತಪ್ಪಿಸಲು ಅಪ್ಪ ಸಾಲ ಮಾಡಿದರು. ಅದಕ್ಕೇ ಸೇರಿಸಲು ಮಗ ಮೂವತ್ತು ವರ್ಷದ ಸಾಲಕ್ಕೆ ಸಹಿ ಹಾಕಲು ಹೊರಟಿದ್ದಾನೆ.

‘ಅಷ್ಟು ದುಡ್ಡು ಯಾಕೆ ಸುರೀತೀಯ? ಈಗಿರೋ ಅಪಾರ್ಟ್‌ಮೆಂಟಲ್ಲೇ ಇರು. ಆ 204ರಲ್ಲಿ ನಿಮ್ಮ ಸ್ನೇಹಿತರು ಯಾರಾದ್ರೂ ಇದ್ರೆ ಅವರ ಅಡ್ರೆಸ್ ಕೊಟ್ಬಿಡು’ ಎಂದರು ಅಪ್ಪ.

ಹಾಗೆಲ್ಲ ಮಾಡಿದರೆ ಕೇಸು ಹಾಕುತ್ತಾರೆ, ಓಹಾಯೋದ ಆಕ್ರನ್‌ನಲ್ಲಿ ಒಬ್ಬ ತಾಯಿ ತನ್ನ ಅಪ್ಪನ ವಿಳಾಸ ಕೊಟ್ಟು ಮಕ್ಕಳನ್ನು ಪಕ್ಕದ ಡಿಸ್ಟ್ರಿಕ್ಟಿನ ಶಾಲೆಗೆ ಕಳಿಸಿದ್ದಕ್ಕೆ 2011ರಲ್ಲಿ ಒಂಬತ್ತು ದಿನ ಜೈಲಿನಲ್ಲಿದ್ದಳು ಎಂದೆ. ಅಜ್ಜನ ಮನೆಯ ವಿಳಾಸ ಕೊಟ್ಟದ್ದಕ್ಕೆ ಜೈಲು!

ಈ ಸಲದ ಮೌನ ಬೇರೆ ಥರದ್ದಾಗಿತ್ತು. ಅಮ್ಮನೇ ಅದನ್ನು ಮುರಿದಳು. ‘ನಿನ್ನ ಅಡ್ಮಿಷನ್ನಿಗೆ ಇವರು ಬರೆದಿದ್ದು ನಾಲ್ಕನೇ ಟಿ ಬ್ಲಾಕಿನ ನಿನ್ನ ಸೋದರಮಾವನ ಅಡ್ರೆಸ್ಸೇ ಕಣೋ. ಗೊಟ್ಟಿಗೆರೆ ಅಂದ್ರೆ ಹಳ್ಳಿಯೋರು ಅಂದ್ಕೋತಾರೆ ಅಂತ.’

‘ಅದೆಲ್ಲ ಈಗ ಯಾಕೆ?’ ಎಂದ ಅಪ್ಪ, ಬಾಗಿಲು ಪೂರ್ವಕ್ಕಿದೆಯಾ ಎಂದು ವಿಚಾರಿಸಿ ಫೋನಿಟ್ಟರು.

ಮನೆ ಕೊಂಡೆವು. ಬಾಗಿಲು ಪಶ್ಚಿಮಕ್ಕಿದೆ, ಶಾಲೆಗೆ ಒಂಬತ್ತಿದೆ. ಮಗಳಿಗೆ ಹಿಡಿಸಿದ್ದು ಇವೆರಡೂ ಅಲ್ಲ, ಹಿತ್ತಲಿಗೆ ಬರುವ ಮೊಲ. ಶಾಲೆಗೆ ಮನೆಪತ್ರ, ಕರೆಂಟ್ ಬಿಲ್ಲು ತೋರಿಸಿ ಬಂದೆ. ನನ್ನದೇ ಹೆಸರಿನ ನಿಜವಾದ ಬಿಲ್ಲನ್ನು ಮೇಜಿನ ಮೇಲಿಡುವಾಗಲೂ ಯಾಕೋ ಕೈ ಸ್ವಲ್ಪ ನಡುಗಿತು. ಮನೆತನದ ಗುಣ.

ಗೊಟ್ಟಿಗೆರೆಯಲ್ಲಿ ಸುದ್ದಿ ಹೇಗೆ ಹಬ್ಬೀತೋ ಎಂಬ ಅಂಜಿಕೆ ಇತ್ತು. ಆದರೆ ಅಮ್ಮ ನಮ್ಮೆಲ್ಲರಿಗಿಂತ ಚುರುಕು. ಒಂದು ಭಾನುವಾರ ವಿಡಿಯೋ ಕಾಲ್‌ನಲ್ಲಿದ್ದಾಗ ಎದುರುಮನೆಯವರು ಕರಿಬೇವಿಗೆಂದು ಬಂದರು.

‘ಮೊಮ್ಮಗಳು ಸ್ಕೂಲಿಗೆ ಸೇರಿದ್ಲಾ? ಯಾವ ಸ್ಕೂಲು?’

‘ಪಬ್ಲಿಕ್ ಸ್ಕೂಲು’ ಎಂದಳು ಅಮ್ಮ, ಕಣ್ಣು ಪಿಳಿಕಿಸದೆ.

ನಮ್ಮ ರಸ್ತೆಯುದ್ದಕ್ಕೂ ‘ಪಬ್ಲಿಕ್ ಸ್ಕೂಲ್’ ಎಂಬ ಬೋರ್ಡಿನ ಕೆಳಗೆ ನಡೆಯುವುದೆಲ್ಲ ಖಾಸಗಿ ಶಾಲೆಗಳೇ. ಎದುರುಮನೆಯವರ ಹುಬ್ಬು ಮೇಲೇರಿತು.

‘ಅಯ್ಯೋ, ಪಬ್ಲಿಕ್ ಸ್ಕೂಲಾ! ಅಮೆರಿಕದಲ್ಲಂತೂ ಡೊನೇಷನ್ ಎಷ್ಟಿರುತ್ತೋ?’

‘ಕೇಳ್ಬೇಡಿ’ ಎಂದಳು ಅಮ್ಮ, ಕರಿಬೇವಿನ ಕಡ್ಡಿ ಮುರಿದುಕೊಡುತ್ತಾ. ‘ಪಾಪ, ಮೂವತ್ತು ವರ್ಷ ಕಂತು ಕಟ್ಬೇಕಂತೆ.’