ಗೇರ್ ಬೀಳವಲ್ದು ಅಂದ್ರ

ಮುಂಜಾನೆ ಬೇಲಿಯಾಚೆಯಿಂದ ‘ಕರ್ರ್’ ಎಂದು ಹಲ್ಲು ಕಡಿದಂಥ ಸಪ್ಪಳ ಬಂದರೆ ಮಗ್ಗುಲ ಮನೆಯ ಕಾಕಾ ಪಿಕಪ್ಪನ್ನು ರಿವರ್ಸಿಗೆ ಹಾಕುತ್ತಿದ್ದಾರೆಂದೇ ಅರ್ಥ. ಮೊನ್ನೆ ಅದು ಮೂರು ಸಲ ಬಂತು, ಆಮೇಲೆ ಎಂಜಿನ್ ಸುಮ್ಮನಾಯಿತು. ಹೋಗಿ ಬೇಲಿಗೆ ಆತು ನಿಂತೆ.

“ಗೇರ್ ಬೀಳವಲ್ದೋ ತಮ್ಮಾ. ಗದಗಿಗೆ ಉಳ್ಳಾಗಡ್ಡಿ ಒಯ್ಯೂದೈತಿ. ಗೇರ್ ಬಾಕ್ಸ್ ಇಳಿಸಬೇಕಂತಾನ ಮಿಸ್ತ್ರಿ.”

“ಇಳಿಸೂದು ಇರಲಿ ಕಾಕಾ. ಎಂಜಿನ್ ಬಂದ್ ಇದ್ದಾಗ ಹಾಕಿ ನೋಡ್ರಿ.”

ಹಾಕಿದರು. ಒಂದರಿಂದ ಐದರವರೆಗೆ, ರಿವರ್ಸ್ ಸಹಿತ, ಸರಾಗ ಬಿದ್ದವು. ಚಾಲೂ ಮಾಡಿದರೆ ಮತ್ತೆ ಕರ್ರ್.

ಇಷ್ಟು ತಿಳಿದರೆ ಅರ್ಧ ಕೆಲಸ ಮುಗಿದಂತೆ. ಬಂದ್ ಇದ್ದಾಗ ಸಲೀಸು, ಚಾಲೂ ಇದ್ದಾಗ ಬಿಗಿ ಅಂದರೆ ತಪ್ಪು ಹೆಚ್ಚಾಗಿ ಗೇರ್ ಬಾಕ್ಸಿನದಲ್ಲ. ಪೆಡಲ್ ತುಳಿದರೂ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ರಿವರ್ಸಿಗೆ ಬಹಳ ಗಾಡಿಗಳಲ್ಲಿ ಗೇರುಗಳ ವೇಗ ಹೊಂದಿಸುವ ಸಿಂಕ್ರೊ ರಿಂಗ್ ಇರುವುದಿಲ್ಲ, ಹಾಗಾಗಿ ಮೊದಲು ಕೂಗುವುದು ಅದೇ. ಪೆಡಲನ್ನು ನಾಲ್ಕು ಸಲ ಪಟಪಟ ಒತ್ತಿಸಿದೆ, ಗೇರ್ ಬಿತ್ತು! ಬಾನೆಟ್ ಎತ್ತಿದರೆ ಕ್ಲಚ್ಚಿನ ಎಣ್ಣೆ ಡಬ್ಬಿಯ ತಳ ಕಾಣುತ್ತಿತ್ತು. ಕೆಳಗೆ ನುಸುಳಿ, ಕ್ಲಚ್ಚನ್ನು ತಳ್ಳುವ ಸ್ಲೇವ್ ಸಿಲಿಂಡರಿನ ರಬ್ಬರ್ ಟೊಪ್ಪಿಗೆ ಬೆರಳಿನಿಂದ ಸರಿಸಿದೆ. ಒಳಗೆ ಹಸಿ ಹಸಿ, ಧೂಳು ಕೂಡಿ ಕರಿ ಕೆಸರು. ಸೀಲು ಹೋಗಿ ಗಾಳಿ ಹೊಕ್ಕಿತ್ತು. ಸೀಲಿನ ಕಿಟ್ ಹಾಕಿ ಗಾಳಿ ತೆಗೆದರೆ ಮುಗಿಯುವ ಕೆಲಸ. ಅದಕ್ಕೆ ಬ್ರೇಕ್ ಆಯಿಲನ್ನೇ ಹಾಕಬೇಕು. ಕೈಗೆ ಸಿಕ್ಕಿತೆಂದು ಎಂಜಿನ್ ಆಯಿಲ್ ಸುರಿದರೆ ಹೊಸ ಸೀಲೂ ಉಬ್ಬಿ ಹಾಳಾಗುತ್ತದೆ.

ಬಂದ್ ಇದ್ದಾಗಲೂ ಬಿಗಿಯಾಗಿದ್ದರೆ ಲಿವರಿನ ಬುಷ್, ಅದರ ಕೊಂಡಿ ನೋಡಬೇಕು. ರಿವರ್ಸ್ ಬಿಟ್ಟು ಬೇರೆ ಒಂದೇ ಗೇರ್ ಅರಚಿದರೆ ಆ ಗೇರಿನ ಸಿಂಕ್ರೊ ಸವೆದಿರುತ್ತದೆ, ಆಗ ಮಾತ್ರ ಬಾಕ್ಸ್ ಬಿಚ್ಚದೆ ಗತಿಯಿಲ್ಲ. ಎಂಜಿನ್ ಕೂಗಿದಷ್ಟು ಗಾಡಿ ಎಳೆಯದಿದ್ದರೆ ಕ್ಲಚ್ ಪ್ಲೇಟಿನ ಮೇಲೆ ಅನುಮಾನ. ಹ್ಯಾಂಡ್ ಬ್ರೇಕ್ ಜಗ್ಗಿ, ನಾಲ್ಕನೇ ಗೇರ್ ಹಾಕಿ, ಕ್ಲಚ್ ಮೆಲ್ಲಗೆ ಬಿಡಿ. ಎಂಜಿನ್ ಬಂದ್ ಬೀಳಬೇಕು. ಬೀಳದೆ ತಿರುಗುತ್ತಲೇ ಇದ್ದರೆ ಪ್ಲೇಟ್ ಜಾರುತ್ತಿದೆ.

ನಮ್ಮ ಸೀಮೆಯಲ್ಲಿ ಪ್ಲೇಟ್ ಬೇಗ ಸವೆಯಲು ಕಾರಣವೂ ಇದೆ. ರೋಣ, ನರಗುಂದದ ಎರಿ ಹೊಲದಲ್ಲಿ ಮಳೆ ಬಿದ್ದ ಮೇಲೆ ಗಾಲಿ ಹೂತರೆ ಅರ್ಧ ಕ್ಲಚ್ಚಿನಲ್ಲಿ ಹಿಂದೆ ಮುಂದೆ ಜೀಕುತ್ತೇವೆ. ಗಜೇಂದ್ರಗಡದ ಗುಡ್ಡದ ಏರಿನಲ್ಲಿ ಮಾಲು ತುಂಬಿಕೊಂಡು ನಿಂತರೂ ಅದೇ ಅರ್ಧ ಕ್ಲಚ್. ಆಗ ಬರುವ ಸುಟ್ಟ ವಾಸನೆ ಪ್ಲೇಟಿನದೇ. ಎರಿ ನೆಲ ನೀರು ಕುಡಿದು ಉಬ್ಬಿ ಬೇಸಿಗೆಯಲ್ಲಿ ಕುಗ್ಗುವುದರಿಂದ ಡಾಂಬರೂ ಅಲೆಯಲೆಯಾಗುತ್ತದೆ. ಆ ಕುಲುಕಾಟದಲ್ಲಿ ಬುಷ್‌ಗಳು ಸಡಿಲಾಗುತ್ತವೆ.

“ನಮ್ಮ ಅಳಿಯಾ ಅಮೆರಿಕಾದಾಗ ಹಳೇ ಪಿಕಪ್ ತಗೊಂಡಾನ. ಅದಕ್ಕ ಕ್ಲಚ್ಚ ಇಲ್ಲಂತ. ಗೇರ್ ತಡಾ ಮಾಡಿ ಬೀಳ್ತಾವಂತಾನ” ಎಂದರು ಕಾಕಾ.

ಅದು ಆಟೊಮ್ಯಾಟಿಕ್. ಅಲ್ಲಿ ಗೇರ್ ಬದಲಿಸುವುದು ಎಣ್ಣೆಯ ಒತ್ತಡ. ಎಣ್ಣೆ ಕಡಿಮೆಯಾದರೆ ಗೇರ್ ತಡವಾಗುತ್ತದೆ, ಜಾರುತ್ತದೆ. ಕೆಂಪಗಿರಬೇಕಾದ ಎಣ್ಣೆ ಕಪ್ಪಾಗಿ ಸೀದ ವಾಸನೆ ಬಂದರೆ ಒಳಗಿನ ಪ್ಲೇಟುಗಳು ಸುಟ್ಟಿವೆ. ಅವನೂ ಬಿಚ್ಚಿಸುವ ಮೊದಲು ಎಣ್ಣೆ ನೋಡಲಿ ಅಂದೆ.

ಬಾಕ್ಸ್ ಇಳಿಸದೆಯೇ ಮರುದಿನ ಕಾಕಾನ ಉಳ್ಳಾಗಡ್ಡಿ ಗದಗ ಮುಟ್ಟಿತು. ನೀವೂ ಗ್ಯಾರೇಜಿಗೆ ಹೋದಾಗ ಬರೀ ‘ಗೇರ್ ಕೆಟ್ಟೈತಿ’ ಅನ್ನಬೇಡಿ. ಯಾವ ಗೇರು, ಗಾಡಿ ತಣ್ಣಗಿದ್ದಾಗಲೋ ಕಾದಾಗಲೋ, ಎಂಜಿನ್ ಚಾಲೂ ಇದ್ದಾಗಲೋ ಬಂದ್ ಇದ್ದಾಗಲೋ, ಅದನ್ನು ಹೇಳಿರಿ.