ಹಳೇ ಪಂಚೆ

ಡಿಸೆಂಬರ್ ಬಂತೆಂದರೆ ಜಯನಗರದ ಪಾರ್ಕುಗಳಲ್ಲಿ ಗುರುತಿನವರನ್ನು ಗುರುತಿಸುವುದೇ ಕಷ್ಟ. ಮಂಕಿ ಕ್ಯಾಪು, ಅದರ ಮೇಲೆ ಮಫ್ಲರು, ಮಫ್ಲರಿನ ಸಂದಿಯಲ್ಲಿ ಒಂದು ಮೂಗು. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದು 1884ರ ಜನವರಿ 13ರ ಮಾತು. ಆ ಚಳಿ ನಾಳೆ ಬೆಳಿಗ್ಗೆಯೇ ಮರಳಿ ಬಂದರೆ ಏನು ಗತಿ ಎಂದು ನಮ್ಮ ಹಿರಿಯರು ಹದಿನಾರು ಡಿಗ್ರಿಗೇ ಸಜ್ಜಾಗಿ ಹೊರಡುತ್ತಾರೆ. ನಾನು ನಗುವುದಿಲ್ಲ. ನನ್ನ ಮಫ್ಲರೂ ಬೀರುವಿನಿಂದ ಇಳಿದಾಗಿದೆ.

ಹಾಗೆ ನೋಡಿದರೆ ಸುತ್ತುವ ಕೆಲಸದಲ್ಲಿ ನಮ್ಮ ಕಡೆಯವರ ಕೈ ಚೆನ್ನಾಗಿಯೇ ಪಳಗಿದೆ. ನಾಲ್ಕನೇ ಬ್ಲಾಕಿನಲ್ಲಿ ಹೂ ಮಾರುವಾಕೆಯನ್ನು ನೋಡಿ. ಮಲ್ಲಿಗೆಯನ್ನು ಮೊಳ ಹಾಕಿ, ಬಾಳೆಲೆಯ ತುಂಡಿನ ಮೇಲಿಟ್ಟು, ಎರಡು ಮಡಿಕೆ, ಒಂದು ಸುತ್ತು ದಾರ. ಮನೆಗೆ ಬಂದು ಬಿಚ್ಚಿದರೆ ಒಂದು ಮೊಗ್ಗೂ ನಲುಗಿರುವುದಿಲ್ಲ. ಅದೇ ಹೂವನ್ನು ಪ್ಲಾಸ್ಟಿಕ್ ಕವರಿಗೆ ತುರುಕಿದರೆ ಬನಶಂಕರಿ ಗುಡಿ ಮುಟ್ಟುವಷ್ಟರಲ್ಲಿ ಬೆವೆತು ಬಾಡಿರುತ್ತದೆ. 2022ರ ಜುಲೈ 1ರಿಂದ ದೇಶದಲ್ಲಿ ನಿಷೇಧವಾದ ಪ್ಲಾಸ್ಟಿಕ್ ವಸ್ತುಗಳ ಪಟ್ಟಿಯಲ್ಲಿ ಸ್ವೀಟ್ ಡಬ್ಬಕ್ಕೂ ಆಮಂತ್ರಣ ಪತ್ರಿಕೆಗೂ ಸುತ್ತುವ ತೆಳು ಹಾಳೆಯೂ ಇದೆ. ಲಗ್ನಪತ್ರಿಕೆಗೆ ರೇನ್‌ಕೋಟು ತೊಡಿಸಬೇಕೆಂದು ಮೊದಲು ಯಾರಿಗೆ ಹೊಳೆಯಿತೋ!

ಆದರೆ ಈ ವಿದ್ಯೆಗೆ ಬೇಕಾದ ಅಸಲಿ ಸರಕು ಯಾವ ಅಂಗಡಿಯಲ್ಲೂ ಸಿಗದು. ಅದು ಮನೆಯಲ್ಲೇ ತಯಾರಾಗಬೇಕು, ಅದೂ ವರ್ಷಗಟ್ಟಲೆ ಒಗೆದು. ಉಟ್ಟವರ ಮಾನ ಕಾಯಲಾರದಷ್ಟು ತೆಳ್ಳಗಾದ ಮೇಲೆ ಪಂಚೆಯ ನಿಜವಾದ ಉದ್ಯೋಗ ಶುರು. ಹೆಸರುಕಾಳು ಮೊಳಕೆ ಕಟ್ಟುವುದು ಅದರಲ್ಲೇ. ರೇಷ್ಮೆ ಸೀರೆ ಮಲಗುವುದೂ ಅದರಲ್ಲೇ. ಮೈಸೂರು ಸಿಲ್ಕಿನ ಅಸಲಿ ಜರಿಯಲ್ಲಿ ಹೆಚ್ಚಿನದು ಬೆಳ್ಳಿ, ಮೇಲೆ ಚೂರು ಚಿನ್ನ. ಪ್ಲಾಸ್ಟಿಕ್ಕಿನಲ್ಲಿ ತೇವ ಕೂತರೆ ಜರಿ ಕಪ್ಪಾಗುತ್ತದೆ. ಹತ್ತಿ ಬಟ್ಟೆಯಲ್ಲಿ ಉಸಿರಾಡಿಕೊಂಡಿರುತ್ತದೆ. ಆಗಾಗ ಬಿಚ್ಚಿ ಮಡಿಕೆ ಬದಲಿಸಬೇಕು, ಇಲ್ಲವಾದರೆ ಮಡಿಕೆಯ ಗೆರೆಯಲ್ಲೇ ಸೀರೆ ಸೀಳುತ್ತದೆ.

ಇನ್ನು ಕೂಸಿನ ವಿಚಾರ. ಜೆ.ಪಿ. ನಗರದ ನಮ್ಮ ನೆಂಟರ ಮನೆಯಲ್ಲಿ ಬಾಣಂತನ. ಮಗಳು ಆನ್‌ಲೈನಿನಲ್ಲಿ ಜಿಪ್ಪು, ವೆಲ್ಕ್ರೋ ಇರುವ ಚೀಲವೊಂದನ್ನು ತರಿಸಿದ್ದಳು. ಜತೆಗೆ ಓದಿಕೊಳ್ಳಲು ಒಂದು ಪುಸ್ತಿಕೆ. ಎಣ್ಣೆನೀರು, ಸಾಂಬ್ರಾಣಿ ಹೊಗೆ ಮುಗಿಸಿ ಅಜ್ಜಿ ಎಂದಿನಂತೆ ತಾತನ ಪಂಚೆ ಹಾಸಿದರು.

“ಅಮ್ಮಾ, ಅದನ್ನ ಸ್ವಾಡಲ್ ಅಂತಾರೆ, ಅದಕ್ಕೊಂದು ಕ್ರಮ ಇದೆ.”

“ಅನ್ಲಿ ಬಿಡೇ. ನಿನ್ನನ್ನೂ ಇದರಲ್ಲೇ ಸುತ್ತಿದ್ದು. ಆಗ ನೀನು ಕ್ರಮ ಕೇಳ್ಲಿಲ್ಲ.”

ಕೂಸು ಎರಡು ನಿಮಿಷದಲ್ಲಿ ನಿದ್ದೆಹೋಯಿತು. ಎಳೆಗೂಸು ಸಣ್ಣ ಸದ್ದಿಗೂ ಬೆಚ್ಚಿ ಕೈ ಚೆಲ್ಲುತ್ತದೆ. ಆ ಕೈಯೇ ಅದನ್ನು ಎಬ್ಬಿಸುತ್ತದೆ. ಸುತ್ತಿದರೆ ಬೆಚ್ಚಿದ್ದು ಅದಕ್ಕೇ ಗೊತ್ತಾಗುವುದಿಲ್ಲ. ಇಲ್ಲಿಯವರೆಗೆ ಅಜ್ಜಿಗೂ ಡಾಕ್ಟರಿಗೂ ಒಂದೇ ಮಾತು.

ಜಗಳ ಹುಟ್ಟುವುದು ಕಾಲಿನ ಹತ್ತಿರ. ಕಾಲು ನೆಟ್ಟಗಾಗಲೆಂದು ಎಳೆದು ಬಿಗಿಯುವ ಅಜ್ಜಿಯರಿದ್ದಾರೆ. ಹಾಗೆ ಬಿಗಿದರೆ ಇನ್ನೂ ಗಟ್ಟಿಯಾಗಿರದ ಸೊಂಟದ ಕೀಲು ಜಾರಬಹುದು. ಜಪಾನಿನಲ್ಲೂ ಹಿಂದೆ ಇದೇ ಪದ್ಧತಿಯಿತ್ತು. 1975ರ ಸುಮಾರಿಗೆ ಅಲ್ಲಿನ ವೈದ್ಯರು ಮಗುವಿನ ಕಾಲು ಬಿಗಿಯಬೇಡಿ ಎಂದು ಅಜ್ಜಿಯರಿಗೇ ಪಾಠ ಹೇಳತೊಡಗಿದರು. ಕೀಲು ತಪ್ಪುವ ಮಕ್ಕಳ ಸಂಖ್ಯೆ ಶೇ. 1ಕ್ಕೂ ಮೇಲಿದ್ದದ್ದು ಶೇ. 0.2ಕ್ಕಿಂತ ಕೆಳಕ್ಕಿಳಿಯಿತು. ಇಷ್ಟು ಅಗ್ಗದ ವೈದ್ಯ ಇನ್ನೊಂದಿಲ್ಲ. ಜೆ.ಪಿ. ನಗರದ ಅಜ್ಜಿ ಮಾತ್ರ ಯಾರ ಪಾಠಕ್ಕೂ ಕಾಯದೆ ಸೊಂಟದಿಂದ ಕೆಳಗೆ ಪಂಚೆಯನ್ನು ಸಡಿಲ ಬಿಟ್ಟಿದ್ದರು. ಏಕೆಂದು ಕೇಳಿದ್ದಕ್ಕೆ, “ಒದೀಬೇಡ್ವೇನಪ್ಪ ಪಾಪ?” ಎಂದರು.

ಆದ್ದರಿಂದ ಅಜ್ಜಿಯರಲ್ಲಿ, ಅಮ್ಮಂದಿರಲ್ಲಿ ನನ್ನದಿಷ್ಟೇ ಅರಿಕೆ. ಸುತ್ತಿದ ಕೂಸನ್ನು ಅಂಗಾತವೇ ಮಲಗಿಸಿ, ಕಾಲಿಗೆ ಒದೆಯಲು ಜಾಗ ಬಿಡಿ, ಬೋರಲು ಬೀಳಲು ಹವಣಿಸಿದ ದಿನವೇ ಸುತ್ತುವುದನ್ನು ನಿಲ್ಲಿಸಿ. ಪಂಚೆಯನ್ನು ಮಾತ್ರ ಎಸೆಯಬೇಡಿ; ಸೀರೆ ಕಾದಿರುತ್ತದೆ.