ಕೋವಿಗೊಂದು ಮ್ಯಾಚಿಂಗ್

ಎಂಟನೇ ಕ್ರಾಸಿನ ಮ್ಯಾಚಿಂಗ್ ಸೆಂಟರಿನ ಹೊರಗೆ ಸ್ಕೂಟರಿಗೆ ಒರಗಿ ನಿಂತು, ‘ಈ ಹೆಂಗಸರಿಗೆ ಒಂದು ಹಸಿರಿಗೂ ಇನ್ನೊಂದು ಹಸಿರಿಗೂ ಅದೇನು ವ್ಯತ್ಯಾಸ ಕಾಣುತ್ತದೋ’ ಎಂದು ಗೊಣಗದ ಗಂಡಸು ಮಲ್ಲೇಶ್ವರದಲ್ಲಿ ಹುಟ್ಟಿಲ್ಲ. ಹಾಗೆ ಗೊಣಗುವುದರಲ್ಲಿ ಎಲ್ಲರಿಗಿಂತ ಮುಂದಿದ್ದವನು ನನ್ನ ಭಾವಮೈದುನ. ಈಗ ಅವನು ಅಮೆರಿಕದ ಅರಿಜೋನಾದಲ್ಲಿದ್ದಾನೆ. ಗ್ರೀನ್ ಕಾರ್ಡ್ ಬಂತು, ಮನೆ ಬಂತು, ಕೌಬಾಯ್ ಟೋಪಿ ಬಂತು, ಹಿಂದೆಯೇ ಎರಡು ಲಿವರ್ ಆ್ಯಕ್ಷನ್ ರೈಫಲ್ಲೂ ಬಂದವು. ಸದ್ಯ ಅವುಗಳಿಗೆ ಮ್ಯಾಚಿಂಗ್ ರಿವಾಲ್ವರ್ ಹುಡುಕುತ್ತಿದ್ದಾನೆ.

‘ಎರಡಕ್ಕೂ ಒಂದೇ ತೋಟಾ ಆಗಬೇಕು ಭಾವ, ಅಷ್ಟೇ ನನ್ನ ಕಂಡಿಷನ್ನು’ ಎನ್ನುತ್ತಾನೆ ಫೋನಿನಲ್ಲಿ. ಅಷ್ಟೇ ಅಂತೆ! ಅವನ ಅಕ್ಕನೂ ‘ಬಾರ್ಡರಿಗೆ ಹೊಂದಿದರೆ ಸಾಕು, ಅಷ್ಟೇ’ ಎಂದು ಹೇಳಿಯೇ ಅಂಗಡಿಯೊಳಗೆ ಹೋಗುವವಳು.

ಕೋವಿ ಹಿಡಿಯದವರಿಗೆ ಎರಡು ಮಾತು. ಸಿನಿಮಾದಲ್ಲಿ ಕುದುರೆ ಸವಾರ ಟ್ರಿಗರಿನ ಹಿಂದಿರುವ ಕಬ್ಬಿಣದ ಬಳೆಯನ್ನು ಕೆಳಕ್ಕೆ ತಳ್ಳಿ ಮೇಲಕ್ಕೆ ಎಳೆದು, ಒಂದರ ಹಿಂದೊಂದು ಗುಂಡು ಹಾರಿಸುತ್ತಾನಲ್ಲ, ಅದು ಲಿವರ್ ಆ್ಯಕ್ಷನ್. ಸಿಂಗಲ್ ಆ್ಯಕ್ಷನ್ ರಿವಾಲ್ವರ್ ಎಂದರೆ ಪ್ರತಿ ಗುಂಡಿಗೂ ಹೆಬ್ಬೆರಳಿನಿಂದ ಹ್ಯಾಮರ್ ಹಿಂದಕ್ಕೆಳೆದು ನಿಲ್ಲಿಸಬೇಕಾದ ಹಳೇ ಕಾಲದ ಯಂತ್ರ. ಟ್ರಿಗರ್ ಮಾಡುವುದು ಒಂದೇ ಕೆಲಸ, ಆ ಹ್ಯಾಮರನ್ನು ಬಿಡುವುದು. ಇದಕ್ಕಿಂತ ಸಲೀಸಾದ ಕೋವಿಗಳು ಬಂದು ನೂರು ವರ್ಷದ ಮೇಲಾಯಿತು. ಸಲೀಸು ಯಾರಿಗೆ ಬೇಕು?

ಈ ಜೋಡಿಯ ಮೂಲ 1873ನೇ ಇಸವಿ. ಆ ಒಂದೇ ವರ್ಷದಲ್ಲಿ ವಿಂಚೆಸ್ಟರ್ ಕಂಪನಿಯ ಹೆಸರಾಂತ ರೈಫಲ್ಲೂ ಬಂತು, ಕೋಲ್ಟ್ ಕಂಪನಿಯ ‘ಪೀಸ್‌ಮೇಕರ್’ ರಿವಾಲ್ವರೂ ಬಂತು. ಅಮೆರಿಕದ ಪಶ್ಚಿಮವನ್ನು ಗೆದ್ದ ಕೋವಿಗಳು ಎಂದು ಇಂದಿಗೂ ಹೊಗಳಿಸಿಕೊಳ್ಳುವ ಇವೆರಡೂ ತಯಾರಾದದ್ದು ಮಾತ್ರ ಪೂರ್ವ ಕರಾವಳಿಯ ಕನೆಕ್ಟಿಕಟ್‌ನಲ್ಲಿ. ಕೋಲ್ಟ್ ಹಾರ್ಟ್‌ಫರ್ಡಿನದು, ವಿಂಚೆಸ್ಟರ್ ನ್ಯೂ ಹೇವನ್ನಿನದು. ನಡುವೆ 60 ಕಿಲೋಮೀಟರ್ ಆಸುಪಾಸು, ಬೆಂಗಳೂರಿಗೂ ತುಮಕೂರಿಗೂ ಇರುವಷ್ಟೂ ಇಲ್ಲ. ಸ್ಯಾಮ್ಯುಯೆಲ್ ಕೋಲ್ಟ್ ಪೀಸ್‌ಮೇಕರನ್ನು ಕಣ್ಣಿಂದ ಕಂಡವನೂ ಅಲ್ಲ, 1862ರಲ್ಲೇ ತೀರಿಕೊಂಡಿದ್ದ. ಆಲಿವರ್ ವಿಂಚೆಸ್ಟರ್ ಕೋವಿ ವ್ಯಾಪಾರಕ್ಕೆ ಇಳಿಯುವ ಮೊದಲು ಅಂಗಿ ತಯಾರಕ! ಕುತ್ತಿಗೆ ಹಿಡಿಯದಂತೆ ಅಂಗಿ ಕತ್ತರಿಸುವ ಕ್ರಮಕ್ಕೆ 1848ರಲ್ಲಿ ಪೇಟೆಂಟ್ ಪಡೆದಿದ್ದ. ಇದನ್ನು ಓದಿದ ಮೇಲೆ ಮ್ಯಾಚಿಂಗ್ ಸೆಂಟರಿಗೂ ಬಂದೂಕಿಗೂ ಸಂಬಂಧ ಕಲ್ಪಿಸಿದ್ದಕ್ಕೆ ನನಗೆ ಸಂಕೋಚವೇನೂ ಉಳಿಯಲಿಲ್ಲ.

ಹುಟ್ಟಿದ ವರ್ಷ ಒಂದೇ ಆದರೂ ಇವೆರಡೂ ಮೊದಲಿಗೆ ಒಂದಕ್ಕೊಂದು ಹೊಂದುತ್ತಿರಲಿಲ್ಲ. ವಿಂಚೆಸ್ಟರಿನ ತೋಟಾ 44-40, ಅಂದರೆ 44ರ ಗುಂಡು, ಅದರ ಹಿಂದೆ 40 ಗ್ರೇನ್ ಕರಿಮದ್ದು. ಕೋಲ್ಟ್‌ನದು ಸೈನ್ಯಕ್ಕೆಂದೇ ಮಾಡಿದ 45. ಊರಿಂದೂರಿಗೆ ಹೋಗುವ ದನಗಾಹಿ ಎರಡು ಬಗೆಯ ತೋಟಾ ಹೊರಬೇಕು, ಕತ್ತಲಲ್ಲಿ ತಡಕಾಡಿ ಇದು ಅದರದೋ ಅದು ಇದರದೋ ಎಂದು ಬೆರಳಿನಲ್ಲೇ ಗುರುತಿಸಬೇಕು. ಕೊನೆಗೆ ಸೋತು ಬಂದದ್ದು ಕೋಲ್ಟ್. ಆ ದಶಕ ಮುಗಿಯುವುದರೊಳಗೆ ‘ಫ್ರಾಂಟಿಯರ್ ಸಿಕ್ಸ್ ಶೂಟರ್’ ಎಂಬ ಹೆಸರಿನಲ್ಲಿ ತನ್ನ ರಿವಾಲ್ವರನ್ನು 44-40ಕ್ಕೇ ಮಾಡಿ ಮಾರತೊಡಗಿತು. ಒಂದು ಬೆಲ್ಟು, ಒಂದು ಬಗೆಯ ತೋಟಾ, ಎರಡು ಕೋವಿ. ದನದ ಹಿಂಡಿನ ಹಿಂದೆ ತಿಂಗಳುಗಟ್ಟಲೆ ಅಲೆಯುವವನಿಗೆ, ಅಂಗಡಿ ನಾಲ್ಕು ದಿನದ ದಾರಿ ಎಂಬಂಥ ಬಯಲಿನಲ್ಲಿ, ಇದು ನಿಜವಾಗಿಯೂ ಬೇಕಾದ ಅನುಕೂಲ.

ನಮ್ಮವನ ಮನೆಯಿಂದ ತೋಟಾ ಅಂಗಡಿಗೆ ಕಾರಿನಲ್ಲಿ ಹತ್ತು ನಿಮಿಷ.

ಹಾಗೆಂದರೆ ಸಿಟ್ಟು. ‘ಅದು ಪ್ರಾಕ್ಟಿಕಲ್ ಭಾವ, ನಿಮಗೆ ಅರ್ಥ ಆಗಲ್ಲ’ ಎನ್ನುತ್ತಾನೆ. ಆಯಿತು, ಪ್ರಾಕ್ಟಿಕಲ್ ಆಗಿಯೇ ಯೋಚಿಸೋಣ. ಅವನ ಎರಡು ರೈಫಲ್ಲುಗಳಲ್ಲಿ ಒಂದು, 1873ರ ವಿಂಚೆಸ್ಟರಿನ ಇಟಲಿ ನಕಲು, 44-40. ಇನ್ನೊಂದು ಮಾರ್ಲಿನ್ 1894, ಅದು 357 ಮ್ಯಾಗ್ನಮ್. ಅವನಿಗೆ ಮನಸ್ಸಿರುವುದು ಮಾತ್ರ 45ರ ಕೋಲ್ಟ್ ಮೇಲೆ. ಅಂದರೆ ಎರಡೂ ಸೀರೆಗೆ ಹೊಂದದ ಬ್ಲೌಸ್ ಪೀಸನ್ನೇ ಕೈಯಲ್ಲಿ ಹಿಡಿದು ನಿಂತಿದ್ದಾನೆ! ‘ಅದಕ್ಕೆ ಹೊಂದುವ ಮೂರನೇ ರೈಫಲ್ ತಗೊಂಡರಾಯ್ತು’ ಎಂಬ ಮಾತು ಬಂದಾಗ ನನಗೆ ನಗು ತಡೆಯಲಾಗಲಿಲ್ಲ. ಇದೇ ತರ್ಕವನ್ನು ನಾನು ಅವನ ಅಕ್ಕನ ಬಾಯಲ್ಲಿ ಕೇಳಿ ಪಳಗಿದವನು.

45ರ ಮೋಹ ಸಿನಿಮಾ ಅಂಟಿಸಿದ್ದು. ಸಿನಿಮಾ ಸವಾರ ಸೊಂಟದ 45ನ್ನೂ ಜೀನಿನ ರೈಫಲ್ಲನ್ನೂ ಒಂದೇ ಬೆಲ್ಟಿನಿಂದ ತುಂಬಿಸಿಕೊಳ್ಳುತ್ತಾನೆ. ಹತ್ತೊಂಬತ್ತನೇ ಶತಮಾನದಲ್ಲಿ 45 ಕೋಲ್ಟ್ ತೋಟಾ ನುಂಗುವ ಲಿವರ್ ರೈಫಲ್ಲನ್ನು ಯಾರೂ ಮಾಡಿ ಮಾರಲಿಲ್ಲ. ಆ ತೋಟಾದ ಬುಡದ ಅಂಚು ಆಗ ತೀರಾ ಕಿರಿದು. ರಿವಾಲ್ವರಿನಲ್ಲಿ ಖಾಲಿ ತೋಟಾವನ್ನು ಮುಂದಿನಿಂದ ಸಲಾಕೆ ಹಾಕಿ ಹಿಂದಕ್ಕೆ ನೂಕುತ್ತಿದ್ದರು, ಅಂಚಿನ ಹಂಗಿರಲಿಲ್ಲ. ರೈಫಲ್ಲಿನ ಕೊಕ್ಕೆಗೋ ಕಚ್ಚಿ ಎಳೆಯಲು ಅಂಚೇ ಬೇಕು. ಈಗಿನ 45 ತೋಟಾಕ್ಕೆ ಒಳ್ಳೆಯ ಅಂಚಿದೆ, ರೈಫಲ್ಲುಗಳೂ ಸಿಗುತ್ತವೆ. ಹಾಗಾಗಿ ಇತಿಹಾಸದಲ್ಲಿ ಆಗದ ಮದುವೆಯನ್ನು ಇವರು ಈಗ ಮಾಡಿ ಮುಗಿಸುತ್ತಾರೆ.

ಇನ್ನು ಅಳತೆಯ ವಿಚಾರ. ರೆಡಿಮೇಡ್ ಬಟ್ಟೆಯ ಸೈಜನ್ನಾದರೂ ನಂಬಬಹುದು, ತೋಟಾಗಳ ಸೈಜನ್ನು ನಂಬುವಂತಿಲ್ಲ. 44 ಮ್ಯಾಗ್ನಮ್ಮಿನ ಗುಂಡು ಇಂಚಿನ ನೂರರಲ್ಲಿ 44 ಪಾಲಲ್ಲ, ಸಾವಿರದಲ್ಲಿ 429 ಪಾಲು. 38 ಸ್ಪೆಷಲ್ ಎಂಬುದು 38 ಅಲ್ಲವೇ ಅಲ್ಲ, ಅದೂ 357ರ ಅಳತೆಯೇ. 38-40 ಎಂಬ ಇನ್ನೊಂದು ಹಳೇ ವಿಂಚೆಸ್ಟರ್ ತೋಟಾವಂತೂ ನಿಜಕ್ಕೂ 40ರ ಗುಂಡು. ಇಂಥ ಲೆಕ್ಕಾಚಾರದವರು ಹೆಂಗಸರ ವಯಸ್ಸಿನ ಬಗ್ಗೆ ಜೋಕು ಮಾಡುತ್ತಾರೆ.

ಈ ಸುಳ್ಳು ಅಳತೆಗಳ ನಡುವೆ ಒಂದು ಲಾಭವಿದೆ. 357ರ ರಿವಾಲ್ವರಿನಲ್ಲಿ 38 ಸ್ಪೆಷಲ್ಲನ್ನೂ ಹಾಕಬಹುದು. ಅಗ್ಗ, ಒದೆತ ಕಡಿಮೆ, ಮಣಿಕಟ್ಟಿಗೆ ಸುಖ. ಅದೇ 357 ಮ್ಯಾಗ್ನಮ್ ತೋಟಾವನ್ನು ರೈಫಲ್ಲಿನ ಉದ್ದ ನಳಿಗೆಯಿಂದ ಬಿಟ್ಟರೆ ವೇಗ ಸೆಕೆಂಡಿಗೆ ಕೆಲವು ನೂರು ಅಡಿ ಏರುತ್ತದೆ. ಮದ್ದು ಉರಿದು ಮುಗಿಯಲು, ಗುಂಡನ್ನು ದೂಡಲು ಅಲ್ಲಿ ಜಾಗವಿದೆ. 44-40ರಲ್ಲಿ ಹಳೇ ಕಾಲದ ಘಮ ಇದೆ, ಒಪ್ಪಿದೆ. ಕುತ್ತಿಗೆಯ ತೆಳು ಹಿತ್ತಾಳೆ ಉಬ್ಬಿ ನಳಿಗೆಯ ಬುಡವನ್ನು ಮುಚ್ಚುವುದರಿಂದ ಕರಿಮದ್ದಿನ ಮಸಿ ಹಿಂದಕ್ಕೆ ಬರುವುದೂ ಕಡಿಮೆ. ಆದರೆ ಖಾಲಿ ತೋಟಾವನ್ನು ಮನೆಯಲ್ಲೇ ಮತ್ತೆ ತುಂಬಲು ಹೊರಟರೆ ಅದೇ ತೆಳು ಕುತ್ತಿಗೆ ಪ್ರೆಸ್ಸಿನಲ್ಲಿ ಮುದುಡಿ ಕೂರುತ್ತದೆ.

ಯಾವುದೇ ತೋಟಾ ಆರಿಸಲಿ, ಒಂದು ವಿಷಯದಲ್ಲಿ ತಮಾಷೆ ಇಲ್ಲ. ಈ ರೈಫಲ್ಲುಗಳಲ್ಲಿ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೊಂದು ಸಾಲಾಗಿ ಮಲಗಿರುತ್ತವೆ. ಹಿಂದಿನದರ ಮೂತಿ ಮುಂದಿನದರ ಕೇಪಿಗೆ ತಾಗಿಕೊಂಡಿರುತ್ತದೆ. ಮೂತಿ ಚೂಪಾಗಿದ್ದರೆ ಒದೆತಕ್ಕೆ ಕೇಪು ಚುಚ್ಚಿ ಕೊಳವೆಯೊಳಗೇ ಸಿಡಿದೀತು. ಅದಕ್ಕೇ ಚಪ್ಪಟೆ ಮೂತಿಯ ಗುಂಡು.

ರಿವಾಲ್ವರ್ ಯಾರದ್ದು ಎಂಬುದು ಮುಂದಿನ ರಗಳೆ. ಅಸಲಿ ಕೋಲ್ಟ್ ಬೇಕೆಂದರೆ ಇಟಲಿಯ ಉಬೆರ್ಟಿ ನಕಲಿನ ಎರಡು ಮೂರು ಪಟ್ಟು ದುಡ್ಡು. ಅಮೆರಿಕದ ಕೌಬಾಯಿಗಳಿಗೆ ಇಟಲಿಯವರು ಕೋವಿ ಮಾಡಿ ಕಳಿಸುತ್ತಾರೆ, ಹಿಂದೆ ಕೌಬಾಯ್ ಸಿನಿಮಾವನ್ನೂ ಮಾಡಿ ಕಳಿಸುತ್ತಿದ್ದರು. ಹಳೇ ಕೋಲ್ಟ್‌ನಲ್ಲಿ ಹ್ಯಾಮರಿನ ಮೊನೆ ನೇರ ಕೇಪಿನ ಮೇಲೆ ಕೂರುತ್ತದೆ, ಕೈತಪ್ಪಿ ಬಿದ್ದರೆ ಹಾರಿತು. ಹಾಗಾಗಿ ಆರು ಗೂಡಿದ್ದರೂ ತುಂಬುವುದು ಐದು, ಹ್ಯಾಮರಿನ ಕೆಳಗೆ ಖಾಲಿ. ರೂಗರ್ ಕಂಪನಿ 1973ರಲ್ಲಿ ಹ್ಯಾಮರಿಗೂ ಮೊನೆಗೂ ನಡುವೆ ಒಂದು ಪಟ್ಟಿ ಇಟ್ಟು ಇದನ್ನು ಸರಿಪಡಿಸಿತು. ಟ್ರಿಗರ್ ಎಳೆದು ಹಿಡಿದಾಗ ಮಾತ್ರ ಆ ಪಟ್ಟಿ ಮೇಲೆದ್ದು ಏಟು ದಾಟಿಸುತ್ತದೆ. ಪೀಸ್‌ಮೇಕರಿಗೆ ನೂರು ತುಂಬಿದ ವರ್ಷ ಅದು. ನಮ್ಮಲ್ಲಿ ದ್ವಾರಕೀಶ್ ಅವರ ‘ಕೌಬಾಯ್ ಕುಳ್ಳ’ ಸಿನಿಮಾ ಬಂದದ್ದೂ ಅದೇ ವರ್ಷ. ರೂಗರಿನ ‘ನ್ಯೂ ವಕೇರೋ’ ಕಂಡರೆ ನಮ್ಮವನಿಗೆ ತಾತ್ಸಾರ: ‘ಚೆನ್ನಾಗಿದೆ, ಆದರೆ ಹಿಸ್ಟಾರಿಕಲ್ ಅಲ್ಲ ಭಾವ.’ ಕಾಲಿಗೆ ಸ್ಪೋರ್ಟ್ಸ್ ಶೂ, ಊಟಕ್ಕೆ ಎಂಟಿಆರ್ ಪುಳಿಯೋಗರೆ, ಕೋವಿ ಮಾತ್ರ ಹಿಸ್ಟಾರಿಕಲ್ ಆಗಬೇಕು.

ಇಷ್ಟೆಲ್ಲ ಯಾಕೆ? ಬೇಟೆಗಲ್ಲ. ಕೊಡಗಿನವರ ಹಾಗೆ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸಲಿಕ್ಕೂ ಅಲ್ಲ. ‘ಸಿಂಗಲ್ ಆ್ಯಕ್ಷನ್ ಶೂಟಿಂಗ್ ಸೊಸೈಟಿ’ ಎಂಬ ಸಂಘ 1987ರಲ್ಲಿ ಶುರುವಾಯಿತು. ಅದರ ಸದಸ್ಯರು ಹಳೇ ಕಾಲದ ಉಡುಪು ತೊಟ್ಟು, ಹಳೇ ಮಾದರಿಯ ಕೋವಿ ಹಿಡಿದು, ಉಕ್ಕಿನ ತಟ್ಟೆಗಳಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಸುತ್ತಾರೆ. ಅರಿಜೋನಾದ ಫೀನಿಕ್ಸ್‌ನಲ್ಲಿ ‘ವಿಂಟರ್ ರೇಂಜ್’ ಎಂಬ ದೊಡ್ಡ ಸ್ಪರ್ಧೆಯೇ ಇದೆ. ಪ್ರತಿಯೊಬ್ಬರೂ ಒಂದು ಅಡ್ಡಹೆಸರು ಇಟ್ಟುಕೊಳ್ಳಲೇಬೇಕು, ಒಬ್ಬರದು ಇನ್ನೊಬ್ಬರಿಗಿಲ್ಲ. ‘ಕೌಬಾಯ್ ಕುಳ್ಳ’ ಅಂತಲೇ ಇಟ್ಟುಕೋ ಮಾರಾಯ, ಅರಿಜೋನಾದಲ್ಲಿ ಯಾರೂ ಪೈಪೋಟಿಗೆ ಬರುವುದಿಲ್ಲ ಎಂದೆ. ಒಂದು ವಾರ ಫೋನು ಮಾಡಲಿಲ್ಲ.

ನನ್ನನ್ನು ಕೇಳಿದರೆ, ಕೇಳದಿದ್ದರೂ ಸರಿ, ತೀರ್ಪು ಸಿದ್ಧವಿದೆ. ಮಾರ್ಲಿನ್ ಕೈಯಲ್ಲಿರುವವನು 357ರ ನ್ಯೂ ವಕೇರೋ ಕೊಂಡು, ಮಿಕ್ಕ ದುಡ್ಡಿಗೆ 38 ಸ್ಪೆಷಲ್ ತಂದು, ಮೊದಲು ತಟ್ಟೆಗೆ ಹೊಡೆಯುವುದನ್ನು ಕಲಿಯಲಿ. 44-40ರ ರೈಫಲ್ಲಿಗೆ ಉಬೆರ್ಟಿ ಬೇಕೆನಿಸಿದರೆ ಬಡ್ತಿ ಬಂದಾಗ ನೋಡೋಣ. 45ರ ಕನಸನ್ನು ಸಿನಿಮಾಕ್ಕೇ ಬಿಡಲಿ.

ಒಂದು ವಿನಂತಿ. ಆ ಸಂಘದ ಸ್ಪರ್ಧೆಗೆ ರೈಫಲ್ ಒಂದಾದರೆ ಸಾಕು, ರಿವಾಲ್ವರ್ ಮಾತ್ರ ಎರಡಿರಬೇಕು, ಜೊತೆಗೊಂದು ಶಾಟ್‌ಗನ್ನೂ ಬೇಕು. ಈ ನಿಯಮ ಅವನ ಹೆಂಡತಿಗೆ ಇನ್ನೂ ಗೊತ್ತಿಲ್ಲ. ಓದುಗರಲ್ಲಿ ಯಾರಾದರೂ ಫೀನಿಕ್ಸ್ ಕನ್ನಡಿಗರಿದ್ದರೆ, ಯುಗಾದಿ ಊಟದ ಸಾಲಿನಲ್ಲಿ ಆಕೆ ಪಕ್ಕಕ್ಕೆ ಕುಳಿತರೆ, ದಯವಿಟ್ಟು ಬಾಯಿಬಿಡಬೇಡಿ.